ಎಮ್ಯುಲೇಟರಿನಲ್ಲಿ ಓಡುವ ಜಾರ್ ಹಳೇ ನೋಕಿಯಾದಲ್ಲಿ ಓಡದಿದ್ದರೆ
ನೀವು ಜಾವಾದಲ್ಲಿ ಬರೆದ ಅಡಿಕೆ ಲೆಕ್ಕದ ಆಪ್ ಎಮ್ಯುಲೇಟರಿನಲ್ಲಿ (ಕಂಪ್ಯೂಟರಿನಲ್ಲೇ ಫೋನಿನ ಹಾಗೆ ನಡೆಯೋ ಪ್ರೋಗ್ರಾಂ) ಸರಿಯಾಗಿ ಓಡಿ, ತೀರ್ಥಹಳ್ಳಿಯಲ್ಲಿರೋ ನಿಮ್ಮ ತಂದೆಯವರ ನೋಕಿಯಾ 2700ರಲ್ಲಿ ಮಾತ್ರ ಇನ್‌ಸ್ಟಾಲ್ ಆಗ್ತಿಲ್ಲ ಅಂದರೆ, ಬಹುಶಃ ಜಾರ್ (ಆಪ್‌ನ ಕೋಡೆಲ್ಲ ಸೇರಿಸಿ ಕಟ್ಟಿದ ಫೈಲ್) ಪ್ರಿವೆರಿಫೈ ಆಗಿಲ್ಲ, ಅಂದರೆ ಫೋನಿಗೆ ಬೇಕಾದ ಕೋಡ್ ತಪಾಸಣೆ ಕಂಪ್ಯೂಟರಿನಲ್ಲಿ ಮೊದಲೇ ಆಗಿಲ್ಲ. ಎಷ್ಟೋ ಎಮ್ಯುಲೇಟರುಗಳು ಕಂಪ್ಯೂಟರಿನ ಜಾವಾದ ಮೇಲೇ ಓಡೋದರಿಂದ ಅವಕ್ಕೆ ಇದು ಲೆಕ್ಕಕ್ಕಿಲ್ಲ, ಫೋನ್ ಮಾತ್ರ ಬಿಡಲ್ಲ.

ಮೊದಲು ಜೆಡಿಕೆ 8 (ಜಾವಾ ಕಂಪೈಲ್ ಮಾಡೋ ಟೂಲ್‌ಗಳ ಕಟ್ಟು) ಹಾಕಿಕೊಳ್ಳಿ. 9ರಿಂದ ಈಚಿನವು ಹಳೇ ಫೋನಿಗೆ ಬೇಕಾದಷ್ಟು ಹಳೇ ಜಾವಾ ಟಾರ್ಗೆಟ್‌ಗೆ ಕಂಪೈಲ್ ಮಾಡಲ್ಲ. ಸೋರ್ಸ್ 1.3, ಟಾರ್ಗೆಟ್ 1.1 ಕೊಟ್ಟು, ಕಂಪೈಲರ್ ಮೂಲ ಕ್ಲಾಸ್‌ಗಳನ್ನು ಹುಡುಕೋ ಬೂಟ್‌ಕ್ಲಾಸ್‌ಪಾತ್‌ಗೆ ಸಿಎಲ್‌ಡಿಸಿ 1.1 ಮತ್ತು ಎಂಐಡಿಪಿ 2.0 (ಹಳೇ ಫೋನ್‌ಗಳ ಜಾವಾ ಲೈಬ್ರರಿಗಳು) ಜಾರ್‌ಗಳನ್ನಷ್ಟೇ ಸೇರಿಸಿ. ಫೋನಿನ ಜಾವಾದಲ್ಲಿಲ್ಲದ ಅರೇಲಿಸ್ಟ್, ಸ್ಟ್ರಿಂಗ್‌ಬಿಲ್ಡರ್ ಬಳಸಿದ ಕಡೆಯೆಲ್ಲ ಎರರ್ ಬರುತ್ತೆ, ಬರಲಿ. ಅವನ್ನು ವೆಕ್ಟರ್, ಸ್ಟ್ರಿಂಗ್‌ಬಫರ್‌ಗೆ ಬದಲಾಯಿಸಿ. ಆಮೇಲೆ ಜಾರ್ ಸಂಸ್ಕರಿಸೋ ಟೂಲ್ ಆದ ಪ್ರೊಗಾರ್ಡ್‌ನಲ್ಲಿ ಮೈಕ್ರೋಎಡಿಷನ್ ಆಯ್ಕೆ ಹಾಕಿ ಓಡಿಸಿದರೆ ಪ್ರಿವೆರಿಫೈ ಅದೇ ಮಾಡಿಕೊಡುತ್ತೆ.

ಜಾಡ್ ಫೈಲೂ (ಜಾರ್‌ನ ವಿವರ ಬರೆದಿರೋ ಚಿಕ್ಕ ಫೈಲ್) ಕಳಿಸ್ತಿದ್ದರೆ ಅದರ ಮಿಡ್ಲೆಟ್-ಜಾರ್-ಸೈಜ್ ಸಾಲು ನೋಡಿ. ಹೊಸ ಜಾರ್ 48213 ಬೈಟ್ ಇದ್ದರೆ ಅಲ್ಲೂ 48213 ಅಂತಲೇ ಇರಬೇಕು, ಒಂದು ಬೈಟ್ ಆಚೀಚೆ ಆಗೋ ಹಾಗಿಲ್ಲ. ಪ್ರಾಪರ್ಟೀಸ್‌ನಲ್ಲಿ 'ಸೈಜ್' ಓದಿ, 'ಸೈಜ್ ಆನ್ ಡಿಸ್ಕ್' ಅಲ್ಲ. ಇದೊಂದರಲ್ಲೇ ನಂದು ಒಂದಿಡೀ ಸಂಜೆ ಹೋಗಿತ್ತು.

ಇನ್‌ಸ್ಟಾಲ್ ಆದಮೇಲೆ 'ರಾಶಿ', 'ಬೆಟ್ಟೆ' ಅನ್ನೋ ಅಡಿಕೆ ಬಗೆಗಳ ಹೆಸರಿನ ಜಾಗದಲ್ಲಿ ಬರೀ ಡಬ್ಬಿಗಳು ಕಂಡರೆ ಕೋಡ್ ಕೆದಕಬೇಡಿ, ಫೋನಿನಲ್ಲಿ ಕನ್ನಡ ಫಾಂಟ್ ಇಲ್ಲ ಅಂತ ಅರ್ಥ. ಆ ನಾಲ್ಕೈದು ಪದಗಳನ್ನು ಪಿಎನ್‌ಜಿ ಚಿತ್ರ ಮಾಡಿ ಹಾಕಿಬಿಡಿ.