ಅರವತ್ತು ದಾಟಿದ ಮೇಲೆ ಕಾದಂಬರಿ: ಅಚ್ಚಿಗೆ ಕೊಡುವ ಮುನ್ನ

ನಿವೃತ್ತಿಯಾದ ಮೇಲೆ ಕಾದಂಬರಿ ಬರೆದು, ಸ್ವಂತ ಖರ್ಚಿನಲ್ಲಿ ಪ್ರಕಟಿಸಲು ಹೊರಟವರ ಪತ್ರಗಳೇ ಈ ಸಲ ಹೆಚ್ಚು. ಒಂದೇ ಥರದವನ್ನು ಸೇರಿಸಿ ನಾಲ್ಕಕ್ಕೆ ಉತ್ತರಿಸಿದ್ದೇನೆ. ಕೇಳಿದವರ ಹೆಸರು ಬಿಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನನಗೀಗ 64. ನೀರಾವರಿ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೇ ಭಾಗದ ಒಂದು ಊರಿನ ಕಥೆಯನ್ನು ಕಾದಂಬರಿ ಮಾಡಿದ್ದೇನೆ. ಕೈಬರಹದಲ್ಲಿ ನಾನೂರು ಹಾಳೆ. ಇಬ್ಬರು ಪ್ರಕಾಶಕರು 'ನೋಡೋಣ' ಎಂದು ಸುಮ್ಮನಾದರು. ಈಗ ಒಂದು ಸಂಸ್ಥೆಯವರು 85,000 ರೂಪಾಯಿ ಕೊಟ್ಟರೆ 300 ಪ್ರತಿ, ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ), ಮುಖಪುಟ, ಪ್ರಚಾರ ಎಲ್ಲ ನಮ್ಮ ಜವಾಬ್ದಾರಿ ಎನ್ನುತ್ತಿದ್ದಾರೆ. ಕೊಡಬಹುದೇ? ಈ ವಯಸ್ಸಿನಲ್ಲಿ ಕೈಯಿಂದ ದುಡ್ಡು ಹಾಕಿ ಪುಸ್ತಕ ತಂದರೆ ಜನ ನಗುವುದಿಲ್ಲವೇ?
– ಮಳವಳ್ಳಿ ತಾಲ್ಲೂಕಿನ ಓದುಗರು

ಉತ್ತರ: ನಗುವವರ ವಿಚಾರ ಮೊದಲು ಮುಗಿಸಿಬಿಡೋಣ. ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿದವರು. ಇಲ್ಲೇ ಮೈಸೂರಿನಲ್ಲಿ ಕುವೆಂಪು ಅವರ ಪುಸ್ತಕಗಳನ್ನು ಹೊರತಂದ 'ಉದಯರವಿ ಪ್ರಕಾಶನ' ಅವರ ಮನೆಯ ಹೆಸರಿನದೇ. ನಿಮ್ಮ ವಯಸ್ಸು ಅಡ್ಡ ಬರುವುದು ಒಂದೇ ಕಡೆ: ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರ ಕೊಡುವ ಪ್ರೋತ್ಸಾಹಧನ ಯುವ ಬರಹಗಾರರಿಗೆ ಮೀಸಲು. ಅದರ ಆಸೆ ಬಿಡಿ.

ಇನ್ನು ಆ 85,000. ನೀವು ಕಳಿಸಿದ ಕೊಟೇಶನ್‌ನಲ್ಲಿ 'ಐಎಸ್‌ಬಿಎನ್ ಶುಲ್ಕ' ಎಂದು ಬೇರೆ ಸಾಲೇ ಇದೆ. ನನಗೆ ಅನುಮಾನ ಬಂದದ್ದು ಅಲ್ಲೇ. ಭಾರತದಲ್ಲಿ ಐಎಸ್‌ಬಿಎನ್‌ಗೆ ಶುಲ್ಕವಿಲ್ಲ. ಕೇಂದ್ರ ಶಿಕ್ಷಣ ಸಚಿವಾಲಯದಡಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಅದನ್ನು ಆನ್‌ಲೈನ್‌ನಲ್ಲಿ ಉಚಿತವಾಗಿ ಕೊಡುತ್ತದೆ. ಲೇಖಕರೇ ಪ್ರಕಾಶಕರಾಗಿ ಅರ್ಜಿ ಹಾಕಬಹುದು. ಸಂಸ್ಥೆಯವರು ತಮ್ಮ ಹೆಸರಿನಲ್ಲಿ ಪಡೆದರೆ ದಾಖಲೆಯಲ್ಲಿ ಪ್ರಕಾಶಕರು ಅವರೇ ಆಗುತ್ತಾರೆ, ನೀವಲ್ಲ. ದುಡ್ಡು ನಿಮ್ಮದು, ಪ್ರಕಾಶಕರು ಅವರು ಎನ್ನುವುದು ಯಾವ ನ್ಯಾಯ?

'ಪ್ರಚಾರ' ಎಂದರೆ ಏನೇನು ಎಂದು ಬರೆದುಕೊಡಲು ಹೇಳಿ. ಫೇಸ್‌ಬುಕ್‌ನಲ್ಲಿ ಎರಡು ಪೋಸ್ಟರ್ ಹಾಕುವುದನ್ನೂ ಪ್ರಚಾರ ಎನ್ನುವವರಿದ್ದಾರೆ. ಒಪ್ಪಂದದಲ್ಲಿ ಹಕ್ಕಿನ ಸಾಲನ್ನು ಎರಡು ಸಲ ಓದಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಗಳಿಗೆಯಿಂದಲೇ ಹಕ್ಕು ನಿಮ್ಮದು. ನಿಮ್ಮ ಕಾಲಾನಂತರವೂ 60 ವರ್ಷ ನಿಮ್ಮ ವಾರಸುದಾರರದು. ನೋಂದಣಿ ಮಾಡಿಸಲೇಬೇಕೆಂದಿಲ್ಲ. ಆದರೆ ಸಹಿ ಹಾಕಿ ಬಿಟ್ಟುಕೊಟ್ಟರೆ ಹೋಯಿತು. ಅವಧಿ ನಮೂದಿಸದೆ ಹಕ್ಕು ವರ್ಗಾಯಿಸಿದರೆ ಕಾಯ್ದೆ ಅದನ್ನು ಐದು ವರ್ಷ ಎಂದು ಹಿಡಿಯುತ್ತದೆ. 64ರಲ್ಲಿ ಮೊದಲ ಕಾದಂಬರಿ ತರುವವರು ಐದು ವರ್ಷವನ್ನು ಹಾಗೆ ಯಾರ ಕೈಗೋ ಕೊಡಬಾರದು.

ನಾನಾದರೆ ಆ ಪ್ಯಾಕೇಜನ್ನು ಬಿಟ್ಟು, ಕೆಲಸವನ್ನು ಬಿಡಿಬಿಡಿಯಾಗಿ ಮಾಡಿಸುತ್ತೇನೆ. ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪುಟ ಕಟ್ಟುವುದು) ಒಬ್ಬರಿಂದ, ಮುಖಪುಟ ಇನ್ನೊಬ್ಬರಿಂದ, ಮುದ್ರಣ ಮೈಸೂರಿನಲ್ಲೋ ಮಂಡ್ಯದಲ್ಲೋ ನೀವೇ ಹೋಗಿ ಕಾಗದ ಮುಟ್ಟಿ ನೋಡಬಹುದಾದ ಪ್ರೆಸ್ಸಿನಲ್ಲಿ. ಡೆಮಿ 1/8 ಆಕಾರ, ಒಳಪುಟಕ್ಕೆ 70 ಜಿಎಸ್‌ಎಂ (ಕಾಗದದ ತೂಕದ ಅಳತೆ) ಮ್ಯಾಪ್‌ಲಿಥೋ ಕಾಗದ, 300 ಜಿಎಸ್‌ಎಂ ಆರ್ಟ್ ಕಾರ್ಡ್ ರಕ್ಷಾಪುಟ, ಬೆನ್ನಿಗೆ ಅಂಟು ಹಾಕುವ ಪರ್ಫೆಕ್ಟ್ ಬೈಂಡಿಂಗ್ – ಕಾದಂಬರಿಗೆ ಇಷ್ಟು ಸಾಕು. ಪುಟಗಳ ಸಂಖ್ಯೆಯನ್ನು 16ರ ಲೆಕ್ಕಕ್ಕೆ ತಂದುಕೊಳ್ಳಿ, ಫಾರಂ (ಒಟ್ಟಿಗೆ ಅಚ್ಚಾಗುವ 16 ಪುಟದ ಕಟ್ಟು) ಮುರಿಯುವುದಿಲ್ಲ. 240 ಪುಟವೆಂದರೆ ಸರಿಯಾಗಿ 15 ಫಾರಂ. 243 ಪುಟವಾದರೆ ಆ ಮೂರು ಪುಟಕ್ಕೂ ದಂಡ.

ಈಗ ಲೆಕ್ಕ. ದರ ಪ್ರೆಸ್ಸಿನಿಂದ ಪ್ರೆಸ್ಸಿಗೆ ಬದಲಾಗುತ್ತದೆ, ಇದು ಉದಾಹರಣೆಗೆ ಮಾತ್ರ. 300 ಪ್ರತಿಯ ಮುದ್ರಣಕ್ಕೆ 33,000. ಡಿಟಿಪಿ, ಕರಡು ತಿದ್ದುವುದು, ಮುಖಪುಟ ಸೇರಿ 12,000 ಎಂದುಕೊಳ್ಳಿ. ಒಟ್ಟು 45,000. ಮುಖಬೆಲೆ 280 ಇಟ್ಟು, ಅಂಗಡಿಗೆ ಶೇ. 40 ಬಿಟ್ಟರೆ ನಿಮ್ಮ ಕೈಗೆ ಪ್ರತಿಗೆ 168. ಹಾಕಿದ ದುಡ್ಡು ವಾಪಸು ಬರಬೇಕಾದರೆ 268 ಪ್ರತಿ ಹೋಗಬೇಕು. ನೆಂಟರಿಷ್ಟರಿಗೆ, ಹಳೇ ಸಹೋದ್ಯೋಗಿಗಳಿಗೆ ಗೌರವ ಪ್ರತಿ ಎಂದು ಮೂವತ್ತು ಕೊಟ್ಟಿರೋ, ಉಳಿಯುವುದು 270. ಅಲ್ಲಿಗೆ ಅಸಲು ಹುಟ್ಟಿತು, ಲಾಭದ ಮಾತಿಲ್ಲ. 85,000 ಕೊಟ್ಟು 300 ಪ್ರತಿ ತಂದರೆ ಇದೇ ಮುಖಬೆಲೆಗೆ 506 ಪ್ರತಿ ಮಾರಬೇಕು. ಇರುವುದೇ 300!

ಪ್ರೆಸ್ಸಿನವರು 'ಸಾವಿರ ಹಾಕಿಸಿದರೆ ಪ್ರತಿಗೆ ಕಮ್ಮಿ ಬೀಳುತ್ತೆ ಸಾರ್' ಎನ್ನುತ್ತಾರೆ. ನಿಜವೇ. ಆದರೆ ಮಾರಾಟವಾಗದ ಏಳುನೂರು ಪ್ರತಿ ಮಂಚದ ಕೆಳಗೆ ಸೇರಿ ಗೆದ್ದಲು ಹಿಡಿದರೆ ಆ ಉಳಿತಾಯಕ್ಕೆ ಏನು ಬೆಲೆ? ಮೊದಲ ಸಲ ನೂರರಿಂದ ಮುನ್ನೂರು ಸಾಕು. ಬೇಡಿಕೆ ಬಂದರೆ ಮತ್ತೆ ಹಾಕಿಸಿ. ಅದಕ್ಕಾಗಿ ಡಿಟಿಪಿಯವರಿಂದ ಪಿಡಿಎಫ್ ಜೊತೆಗೆ ಮೂಲ ಫೈಲನ್ನೂ ಪಡೆದು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ದುಡ್ಡು ಕೊಡುವಾಗಲೇ ಕೇಳಿ. ಎರಡು ವರ್ಷ ಬಿಟ್ಟು ಹೋದರೆ 'ಸಿಸ್ಟಮ್ ಫಾರ್ಮ್ಯಾಟ್ ಆಯ್ತು' ಎಂಬ ಉತ್ತರ ಸಿಗುತ್ತದೆ.

ಉಳಿಸಿದ ನಲವತ್ತು ಸಾವಿರದಲ್ಲಿ ಸ್ವಲ್ಪವನ್ನು ಒಬ್ಬ ಒಳ್ಳೆಯ ಸಂಪಾದಕರಿಗೆ ಕೊಡಿ. ನೀವು ಕಳಿಸಿದ ಮೊದಲ ಅಧ್ಯಾಯ ಓದಿದೆ. ಹದಿನಾಲ್ಕು ಹಾಳೆ ಕನ್ನಂಬಾಡಿ ಅಣೆಕಟ್ಟು (ಕೆಆರ್‌ಎಸ್) ಕಟ್ಟಿದ ಚರಿತ್ರೆಯೇ ಇದೆ: 1911, ವಿಶ್ವೇಶ್ವರಯ್ಯನವರು, ಹುಲಿಕೆರೆ ಸುರಂಗ. ನಾಲೆಗೆ ಸರದಿಯಂತೆ ನೀರು ಬಿಡುವ ಕಟ್ಟು ಪದ್ಧತಿಯಲ್ಲಿ ತಮ್ಮ ಸರದಿ ಬಂದ ರಾತ್ರಿ, ಮೇಲಿನವರು ತೂಬು ಇಳಿಸಿದ್ದಾರೆಂದು ಗೊತ್ತಾಗಿ ನೀರಗಂಟಿ ಸೈಕಲ್ ಏರಿ ಹೊರಡುವುದು ಹದಿನೈದನೇ ಹಾಳೆಯಲ್ಲಿ. ಕಾದಂಬರಿ ಅಲ್ಲಿಂದ ಶುರುವಾಗಬೇಕು. ಮನೆಯವರು, ಸ್ನೇಹಿತರು ಇದನ್ನು ನಿಮಗೆ ಹೇಳುವುದಿಲ್ಲ. 'ಚೆನ್ನಾಗೈತೆ' ಎಂದು ಸುಮ್ಮನಾಗುತ್ತಾರೆ. ನೂರು ಪುಟ ಕಡಿಮೆಯಾದರೆ ಮುದ್ರಣದ ಖರ್ಚೂ ಇಳಿಯುತ್ತದೆ, ಇದು ಬೇರೆ ಲಾಭ.

ಪುಸ್ತಕ ಬಂದ ಮೇಲೆ ನೀವು ಪ್ರಕಾಶಕರು, ಅದರ ಕೆಲಸ ಬೇರೆ ಇದೆ. ಗ್ರಂಥಾಲಯಗಳಿಗೆ ಪುಸ್ತಕ ಸಲ್ಲಿಸುವ 1954ರ ಕಾಯ್ದೆಯಂತೆ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ನಿಮ್ಮ ಖರ್ಚಿನಲ್ಲಿ ಕಳಿಸಬೇಕು. ಸಾರ್ವಜನಿಕ ಗ್ರಂಥಾಲಯ ಇಲಾಖೆಯಾಗಲಿ ಪುಸ್ತಕ ಪ್ರಾಧಿಕಾರವಾಗಲಿ ಸಗಟು ಖರೀದಿಗೆ ಅರ್ಜಿ ಕರೆಯುವಾಗ ಮೊದಲು ನೋಡುವುದು ಯಾವ ವರ್ಷದ ಮೊದಲ ಮುದ್ರಣ ಎಂಬುದನ್ನು. ಹೀಗಾಗಿ ಡಿಸೆಂಬರ್ ಕೊನೇ ವಾರದಲ್ಲಿ ಅವಸರಪಟ್ಟು ಅಚ್ಚು ಹಾಕಿಸಬೇಡಿ, ಜನವರಿಗೆ ತನ್ನಿ. ಆ ಖರೀದಿ ಆಗಿಯೇ ಆಗುತ್ತದೆಂದು ಸಾಲ ಮಾತ್ರ ಮಾಡಬೇಡಿ. ಆಯ್ಕೆ ಸಮಿತಿ ದಾಟಬೇಕು, ಆಮೇಲೆ ಬಿಲ್ ಪಾಸಾಗಬೇಕು. ಇಲಾಖೆಯಲ್ಲಿದ್ದವರಿಗೆ ಬಿಲ್ಲಿನ ಕಥೆ ನಾನು ಹೇಳಬೇಕಿಲ್ಲ.

ಪ್ರಶ್ನೆ: ನನ್ನ ಪಾತ್ರಗಳು ನಮ್ಮ ಕಡೆ ಮಾತನ್ನೇ ಆಡುತ್ತವೆ. ಡಿಟಿಪಿಯವರು ಅರ್ಧ ತಿದ್ದಿ ಅರ್ಧ ಬಿಟ್ಟಿದ್ದಾರೆ. ಎಷ್ಟು ಸಲ ಪ್ರೂಫ್ ನೋಡಿದರೂ ಮುಗಿಯುತ್ತಿಲ್ಲ. ಎಲ್ಲವನ್ನೂ ಗ್ರಾಂಥಿಕ ಕನ್ನಡಕ್ಕೆ ಬದಲಾಯಿಸಿಬಿಡಲೇ?
– ಮಂಡ್ಯದ ಓದುಗರು, 59

ಉತ್ತರ: ದಮ್ಮಯ್ಯ, ಬದಲಾಯಿಸಬೇಡಿ. ಮಂಡ್ಯದ ಹಳ್ಳಿಯ ಅಜ್ಜಿ ಪಠ್ಯಪುಸ್ತಕದ ಹಾಗೆ ಮಾತಾಡಿದರೆ ಯಾರು ನಂಬುತ್ತಾರೆ?

ಆದರೆ ನೀವು ಕಳಿಸಿದ ಪುಟದಲ್ಲಿ ತಪ್ಪು ಡಿಟಿಪಿಯವರದಷ್ಟೇ ಅಲ್ಲ. ಸೊಸೆ ಒಂದು ಸಾಲಿನಲ್ಲಿ 'ಇಟ್ಟು ಬೇಯಕ್ಕಿಟ್ಟಿವ್ನಿ, ಕುಂತ್ಕೊಳಿ' ಎನ್ನುತ್ತಾಳೆ. ನಾಲ್ಕು ಸಾಲಿನ ಕೆಳಗೆ ಅವಳೇ 'ಹಿಟ್ಟು ಉಂಡು ಹೋಗಿ' ಎನ್ನುತ್ತಾಳೆ. ಮಾವ ಮೇಲೆ 'ಬತ್ತೀನಿ', ಕೆಳಗೆ 'ಬರ್ತೀನಿ'. ಹಸ್ತಪ್ರತಿಯಲ್ಲೇ ಎರಡೂ ಇರುವಾಗ ಟೈಪ್ ಮಾಡುವ ಹುಡುಗಿ ಯಾವುದು ಸರಿ ಎಂದು ಊಹಿಸಬೇಕು? ಮೊದಲು ಒಂದು ಹಾಳೆಯಲ್ಲಿ ಪಟ್ಟಿ ಮಾಡಿ. ಪ್ರತಿ ಪಾತ್ರಕ್ಕೂ ಒಂದು ಅಂಕಣ: ಅಜ್ಜಿ ಹಕಾರ ಬಿಡುತ್ತಾರೆ, ಕಾಲೇಜು ಓದಿದ ಮೊಮ್ಮಗ ಬಿಡುವುದಿಲ್ಲ, 'ಅವ್ನೆ', 'ಐತೆ', 'ಕನ್ಲಾ' ಯಾರ ಬಾಯಲ್ಲಿ ಬರುತ್ತವೆ, ಯಾರ ಬಾಯಲ್ಲಿ ಬರುವುದಿಲ್ಲ. ನಿರೂಪಣೆ ಶಿಷ್ಟ ಕನ್ನಡದಲ್ಲೇ ಇರಲಿ. ಆ ಪಟ್ಟಿಯ ಒಂದು ಪ್ರತಿ ಡಿಟಿಪಿಯವರ ಮೇಜಿನ ಮೇಲೆ, ಇನ್ನೊಂದು ಕರಡು ತಿದ್ದುವವರ ಕೈಯಲ್ಲಿ. ಪ್ರತಿ ಉಚ್ಚಾರವನ್ನೂ ಅಕ್ಷರದಲ್ಲಿ ಹಿಡಿಯಲು ಹೋಗಬೇಡಿ. ಧಾರವಾಡದ ಓದುಗರು ಬಾಯಿಬಿಟ್ಟು ಓದಿದರೆ ಅರ್ಥವಾಗಬೇಕು, ಅಷ್ಟೇ. ಅಡಿಟಿಪ್ಪಣಿ ಕೊಡಬೇಡಿ.

ಪ್ರೂಫ್ ಮುಗಿಯದಿರಲು ಇನ್ನೊಂದು ಕಾರಣ, ಸ್ಕ್ರೀನಿನ ಮೇಲೆ ನೋಡುತ್ತಿರುವುದು. ಪ್ರಿಂಟ್ ತೆಗೆಸಿ. ಒಬ್ಬರು ಹಸ್ತಪ್ರತಿ ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಕರಡಿನ ಮೇಲೆ ಬೆರಳಿಟ್ಟು ನೋಡಲಿ. ತಿದ್ದಿಸಿಕೊಂಡು ಬಂದ ಮೇಲೆ ತಿದ್ದಿದ ಪದವನ್ನಷ್ಟೇ ನೋಡಿದರೆ ಸಾಲದು, ಅದರ ಮೇಲಿನ ಸಾಲು, ಕೆಳಗಿನ ಸಾಲು ಎರಡನ್ನೂ ಓದಿ. ಹೊಸ ತಪ್ಪು ಹುಟ್ಟುವುದು ಅಲ್ಲೇ. 'ನುಡಿ', 'ಬರಹ' ತಂತ್ರಾಂಶಗಳ ಹಳೆಯ ಫಾಂಟುಗಳಿಂದ ಯೂನಿಕೋಡ್‌ಗೆ ತಿರುಗಿಸಿದ್ದರೆ ಒತ್ತಕ್ಷರ, ಅರ್ಕಾವತ್ತು ಕೆಟ್ಟಿರಬಹುದು. ಅವಕ್ಕೇ ಬೇರೆಯಾಗಿ ಒಂದು ಸುತ್ತು ಓದಿ. ಕೊನೆಯ ಸುತ್ತಿನಲ್ಲಿ ಪುಸ್ತಕದ ಬೆನ್ನಿನ ಮೇಲಿನ ನಿಮ್ಮ ಹೆಸರು, ಬೆಲೆ, ಪುಟಸಂಖ್ಯೆ ನೋಡಿ. ಒಳಗೆ 280, ಹಿಂದೆ 250 ಎಂದು ಅಚ್ಚಾದ ಪುಸ್ತಕಗಳು ಬೇಕಾದಷ್ಟಿವೆ.

ಪಾಪ, ಡಿಟಿಪಿಯವರ ಮೇಲೆ ರೇಗಬೇಡಿ. ಪುಟಕ್ಕಿಷ್ಟು ಎಂದು ಕೆಲಸ ಮಾಡುವವರು ಅವರು, ನಿಮ್ಮ ಅಜ್ಜಿಯನ್ನು ಕಂಡವರಲ್ಲ.

ಪ್ರಶ್ನೆ: ಕೂಡುಕುಟುಂಬದ ಕಾದಂಬರಿ ಬರೆದಿದ್ದೇನೆ. ಆಸ್ತಿ ಪಾಲಿನ ಜಗಳ ನಮ್ಮ ಮನೆಯಲ್ಲಿ ನಡೆದದ್ದೇ. ಓರಗಿತ್ತಿ ಓದಿದರೆ ತನ್ನನ್ನು ಗುರುತಿಸುತ್ತಾಳೆ. 'ಎಲ್ಲ ಕಾಲ್ಪನಿಕ' ಎಂದು ಮೊದಲ ಪುಟದಲ್ಲಿ ಹಾಕಿದರೆ ಸಾಕೇ?
– ಕುವೆಂಪುನಗರ, ಮೈಸೂರು

ಉತ್ತರ: ಸಾಲದು. ಆ ಸಾಲು ಹಾಕಿ, ಆದರೆ ಅದನ್ನೇ ನಂಬಿಕೊಳ್ಳಬೇಡಿ. ಯಾರೆಂದು ಗುರುತು ಸಿಗುವಂತಿದ್ದು ಅವರ ಮಾನಕ್ಕೆ ಕುಂದು ಬಂದರೆ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಇದೆ. ಹೆಸರು ಬದಲಿಸಿದ್ದೇನೆ ಎಂಬ ಸಮಜಾಯಿಷಿ ಎಲ್ಲ ಸಲವೂ ನಡೆಯುವುದಿಲ್ಲ. ಗುರುತು ಸಿಗುವುದು ಹೆಸರಿನಿಂದಲ್ಲ, ಬ್ಯಾಂಕ್ ಕೆಲಸ, ಎರಡು ಹೆಣ್ಣುಮಕ್ಕಳು, ಒಂಟಿಕೊಪ್ಪಲಿನ ಮನೆ ಮೂರೂ ಒಟ್ಟಿಗೆ ಇದ್ದಾಗ.

ಅದಕ್ಕಿಂತ ನನಗೆ ಕಂಡದ್ದು ಬೇರೆ. ನೀವು ಕಳಿಸಿದ ಭಾಗದಲ್ಲಿ ಓರಗಿತ್ತಿ ಬಾಯಿ ತೆರೆದಾಗಲೆಲ್ಲ ಕೆಟ್ಟದ್ದೇ ಆಡುತ್ತಾಳೆ. ಮೂವತ್ತು ವರ್ಷದ ಕೋಪ ಇನ್ನೂ ಆರಿಲ್ಲ! ಪಾಲುಪಟ್ಟಿಗೆ ಸಹಿ ಹಾಕುವ ಪ್ರಕರಣವನ್ನು ಅವಳ ಕಡೆಯಿಂದ ಒಮ್ಮೆ ಬರೆದು ನೋಡಿ, ಅವಳಿಗೂ ಒಂದು ನ್ಯಾಯ ಇದ್ದಿರಬೇಕಲ್ಲ. ಹಾಗೆ ಬರೆಯುವಾಗ ಕೆಲಸ, ಮನೆ, ಮಕ್ಕಳು ತಾವಾಗಿಯೇ ಬದಲಾಗುತ್ತಾರೆ. ಆಮೇಲೂ ಅಳುಕಿದ್ದರೆ ಅಚ್ಚಿಗೆ ಮುಂಚೆ ವಕೀಲರೊಬ್ಬರಿಗೆ ಓದಲು ಕೊಡಿ.

ಪ್ರಶ್ನೆ: ಅಮೆರಿಕದಲ್ಲಿರುವ ಮಗ 'ಅಚ್ಚು ಯಾಕಪ್ಪ, ಕಿಂಡಲ್‌ಗೆ ಹಾಕು' ಎನ್ನುತ್ತಾನೆ. ನನಗೆ 71. ಬಿಡುಗಡೆ ಸಮಾರಂಭವನ್ನಾದರೂ ದೊಡ್ಡದಾಗಿ ಮಾಡೋಣವೆಂದು ಆಸೆ.
– ಸರಸ್ವತಿಪುರಂ, ಮೈಸೂರು

ಉತ್ತರ: ಕಿಂಡಲ್ 2016ರಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳಿಗೆ ಬಾಗಿಲು ತೆರೆದಾಗ ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಮಗನಿಗೆ ಇದನ್ನು ತಿಳಿಸಿ, ಕಡತ ಸಿದ್ಧಪಡಿಸುವ ಮುನ್ನ ಬೆಂಬಲಿತ ಭಾಷೆಗಳ ಪಟ್ಟಿ ನೋಡಲು ಹೇಳಿ. ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಕನ್ನಡ ಇ-ಪುಸ್ತಕಗಳಿವೆ, ಇ-ಪುಸ್ತಕಗಳ ಮೈಲ್ಯಾಂಗ್ ಆ್ಯಪ್ ಇದೆ. ಅಧ್ಯಾಯ ಅಧ್ಯಾಯವಾಗಿ ಹಾಕಿ ಓದುಗರ ನಾಡಿ ನೋಡಬೇಕೆಂದರೆ ಪ್ರತಿಲಿಪಿ ಇದೆ. ಅಲ್ಲಿ ಪೂರ್ತಿ ಉಚಿತವಾಗಿ ಓದಿದವರು ಆಮೇಲೆ ಅಚ್ಚಿನ ಪುಸ್ತಕ ಕೊಳ್ಳುತ್ತಾರೆಂದು ಲೆಕ್ಕ ಹಾಕಬೇಡಿ.

ಸಮಾರಂಭದ ಬಗ್ಗೆ ನನ್ನದು ಸ್ವಲ್ಪ ಒರಟು ಅಭಿಪ್ರಾಯ. ಸಭಾಂಗಣ, ಫ್ಲೆಕ್ಸ್, ಐದು ಜನ ಅತಿಥಿಗಳಿಗೆ ಮೈಸೂರು ಪೇಟ, ಹಾರ, ಹಣ್ಣಿನ ಬುಟ್ಟಿ, ಬಂದವರಿಗೆ ಉಪ್ಪಿಟ್ಟು ಕೇಸರಿಬಾತು – ಅಷ್ಟು ದುಡ್ಡಿನಲ್ಲಿ ಇನ್ನೂ ನೂರು ಪ್ರತಿ ಬರುತ್ತಿತ್ತು. ಅತಿಥಿಗಳು ಪುಸ್ತಕ ಓದಿರುವುದಿಲ್ಲ, ಕನ್ನಡದ ಸ್ಥಿತಿಗತಿ ಕುರಿತು ಮಾತಾಡಿ ಹೋಗುತ್ತಾರೆ. ಒಬ್ಬರೇ ಅತಿಥಿ ಸಾಕು. ತಿಂಗಳು ಮುಂಚೆಯೇ ಪ್ರತಿ ಕೊಟ್ಟಿರಿ. ಸಭೆಯಲ್ಲಿ ನೀವು ಹತ್ತು ನಿಮಿಷ ಓದಿ. ಬಾಗಿಲ ಬಳಿ ಮೇಜು ಹಾಕಿ, ಲೆಕ್ಕ ಗೊತ್ತಿರುವ ಮೊಮ್ಮಗಳನ್ನೋ ಪಕ್ಕದ ಮನೆಯವರನ್ನೋ ಕೂರಿಸಿ. ಚಿಲ್ಲರೆ ಇರಲಿ, ಯುಪಿಐ ಕ್ಯೂಆರ್ ಕಾರ್ಡ್ ಇರಲಿ. ಆ ದಿನ ಯಾರಿಗೂ ಪುಕ್ಕಟೆ ಕೊಡಬೇಡಿ, ನೆಂಟರಿಗೂ. ಮತ್ತೆ ಪಿಡಿಎಫ್ ಅನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಅಪ್ಪಿತಪ್ಪಿಯೂ ಹಾಕಬೇಡಿ. ವಾರದೊಳಗೆ ಅದು ನಿಮಗೇ 'ಉಚಿತ ಕನ್ನಡ ಪುಸ್ತಕ' ಎಂದು ಬೇರೆ ಗುಂಪಿನಿಂದ ವಾಪಸು ಬರುತ್ತದೆ.