ಸೀನಿಯರ್ ಬಿಟ್ಟುಹೋದ ಬಾಟಲಿ ಯಾರದು?

ಈ ಸಲದ ಪ್ರಶ್ನೆಗಳೆಲ್ಲ ವಿಶ್ವವಿದ್ಯಾಲಯಗಳ ಸಂಶೋಧನಾ ಲ್ಯಾಬ್‌ಗಳಿಂದ ಬಂದಿವೆ. ಪ್ರಯೋಗದ ಬಗ್ಗೆ ಕೇಳಿದವರು ಕಡಿಮೆ. ಬೀರು, ಕ್ಯಾನು, ಫ್ರಿಜ್ಜುಗಳದ್ದೇ ಚಿಂತೆ. ಸರಿಯಾದ ಚಿಂತೆಯೇ.

ಪ್ರಶ್ನೆ: ನಮ್ಮ ಲ್ಯಾಬಿನ ಬೀರುವಿನಲ್ಲಿ ಡೈಈಥೈಲ್ ಈಥರ್ ಎಂಬ ದ್ರಾವಕದ ಎರಡು ಹಳೆಯ ಬಾಟಲಿಗಳಿವೆ. ತರಿಸಿದ್ದವರು ಪಿಎಚ್‌.ಡಿ. ಮುಗಿಸಿ ಹೋಗಿ ಮೂರು ವರ್ಷವಾಯಿತು. ಒಂದರ ಮುಚ್ಚಳದ ಸುತ್ತ ಬಿಳಿಯ ಹರಳು ಕಟ್ಟಿದೆ. ತೆರೆದು ಸಿಂಕಿಗೆ ಸುರಿಯಬಹುದೇ?
– ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಸುರಿಯುವುದಿರಲಿ, ಹರಳು ಕಟ್ಟಿದ ಬಾಟಲಿಯನ್ನು ಮುಟ್ಟಲೂ ಬೇಡಿ. ಈಥರ್ ಗಾಳಿಯ ಆಮ್ಲಜನಕದೊಂದಿಗೆ ಸೇರಿ ನಿಧಾನವಾಗಿ ಪೆರಾಕ್ಸೈಡ್ ಆಗುತ್ತದೆ. ಈಥರ್ ಆವಿಯಾಗಿ ಹೋದರೂ ಪೆರಾಕ್ಸೈಡ್ ಹೋಗುವುದಿಲ್ಲ. ತಳದಲ್ಲಿ, ಮುಚ್ಚಳದ ಮರೆಯಲ್ಲಿ ಗಟ್ಟಿಯಾಗುತ್ತ ಕೂರುತ್ತದೆ. ಮುಚ್ಚಳ ತಿರುಗಿಸುವಾಗಿನ ತಿಕ್ಕಾಟವೇ ಅದು ಸಿಡಿಯಲು ಸಾಕು. ಬೀರು ಮುಚ್ಚಿ, ‘ತೆರೆಯಬೇಡಿ’ ಎಂದು ಚೀಟಿ ಅಂಟಿಸಿ, ಗೈಡ್‌ಗೂ ಸುರಕ್ಷತಾ ಅಧಿಕಾರಿಗೂ ಬರವಣಿಗೆಯಲ್ಲಿ ತಿಳಿಸಿ. ಅದನ್ನು ಸಾಗಿಸುವುದು ಸ್ಫೋಟಕ ಬಲ್ಲವರ ಕೆಲಸ.

ಇನ್ನೊಂದು ಬಾಟಲಿಯ ಹಿಂದಿನಿಂದ ಟಾರ್ಚ್ ಬೆಳಕು ಬಿಟ್ಟು ನೋಡಿ. ಹರಳಾಗಲಿ, ಎಳೆಎಳೆಯಾದ ಮಬ್ಬಾಗಲಿ ಕಂಡರೆ, ಅಥವಾ ಯಾವಾಗ ತೆರೆದದ್ದೆಂದು ಗೊತ್ತಿಲ್ಲದಿದ್ದರೆ, ಅದಕ್ಕೂ ಇದೇ ನಿಯಮ. ತೆರೆದ ದಿನಾಂಕ ಗೊತ್ತಿರುವ ತಿಳಿಯಾದ ಬಾಟಲಿಯನ್ನು ಮಾತ್ರ ನೀವೇ ಪರೀಕ್ಷಿಸಬಹುದು. 1 ಮಿ.ಲೀ. ಗ್ಲೇಶಿಯಲ್ ಅಸಿಟಿಕ್ ಆಮ್ಲಕ್ಕೆ 0.1 ಗ್ರಾಂ ಪೊಟ್ಯಾಸಿಯಂ ಅಯೊಡೈಡ್ ಹಾಕಿ, ಅದಕ್ಕೆ 1 ಮಿ.ಲೀ. ಈಥರ್ ಸೇರಿಸಿ. ತಿಳಿ ಹಳದಿಯಾದರೆ ಪೆರಾಕ್ಸೈಡ್ ಸ್ವಲ್ಪವಿದೆ, ಕಂದಾದರೆ ಅಪಾಯದ ಮಟ್ಟದಲ್ಲಿದೆ. ಈಥರ್ ಹಾಕದ ಇನ್ನೊಂದು ನಳಿಕೆಯನ್ನು ಪಕ್ಕದಲ್ಲಿಟ್ಟು ಹೋಲಿಸಿ, ಏಕೆಂದರೆ ಅಯೊಡೈಡ್ ತಾನಾಗಿಯೂ ಹಳದಿಗೆ ತಿರುಗುತ್ತದೆ. ಪರೀಕ್ಷಾ ಪಟ್ಟಿ ಬಳಸುವವರು ಈಥರ್ ಆರಿದ ಮೇಲೆ ಪಟ್ಟಿಗೆ ಒಂದು ಹನಿ ನೀರು ತಾಗಿಸಲು ಮರೆಯುತ್ತಾರೆ. ನೀರಿಲ್ಲದೆ ಬಣ್ಣ ಬರುವುದಿಲ್ಲ, ಬಾಟಲಿ ಚೆನ್ನಾಗಿದೆ ಎಂಬ ಸುಳ್ಳು ಸಮಾಧಾನ ಮಾತ್ರ ಬರುತ್ತದೆ. ಪೆರಾಕ್ಸೈಡ್ ಲೀಟರಿಗೆ 100 ಮಿ.ಗ್ರಾಂ ದಾಟಿದ್ದನ್ನು ಬಳಸಬೇಡಿ, ಬಟ್ಟಿಯಂತೂ ಇಳಿಸಲೇಬೇಡಿ.

ಟಿಎಚ್‌ಎಫ್ (ಟೆಟ್ರಾಹೈಡ್ರೋಫ್ಯೂರಾನ್), ಡಯಾಕ್ಸೇನ್ ಎಂಬ ದ್ರಾವಕಗಳೂ ಇದೇ ಜಾತಿ. ಐಸೊಪ್ರೊಪೈಲ್ ಈಥರ್ ಎಲ್ಲಕ್ಕಿಂತ ಕೆಟ್ಟದ್ದು, ತೆರೆದ ಮೂರು ತಿಂಗಳಿಗೆ ವಿಲೇವಾರಿಗೆ ಕಳಿಸಿ. ಪೆರಾಕ್ಸೈಡ್ ತಡೆಯಲೆಂದು ಕಂಪನಿಯವರು ಬಿಎಚ್‌ಟಿ ಬೆರೆಸಿರುತ್ತಾರೆ. ಲ್ಯಾಬಿನಲ್ಲೇ ಬಟ್ಟಿ ಇಳಿಸಿದ ಟಿಎಚ್‌ಎಫ್‌ನಲ್ಲಿ ಆ ರಕ್ಷಣೆಯೂ ಉಳಿದಿರುವುದಿಲ್ಲ.

ಗ್ರಂಥಾಲಯದ ಒಂದು ಪುಸ್ತಕ ಬಾಕಿಯಿದ್ದರೂ ‘ನೋ ಡ್ಯೂಸ್’ ಸಿಗದು. ಈಥರ್ ಬಾಟಲಿ ಬಾಕಿಯಿದ್ದರೆ ಕೇಳುವವರಿಲ್ಲ. ಲ್ಯಾಬ್ ಬಿಡುವವರು ತಮ್ಮ ಹೆಸರಿನ ರಾಸಾಯನಿಕಗಳನ್ನು ಯಾರಿಗೆ ಒಪ್ಪಿಸಿದರು ಎಂಬ ಪಟ್ಟಿಗೆ ಗೈಡ್ ಸಹಿ ಬೀಳದೆ ಆ ಫಾರಂ ಮುಂದೆ ಹೋಗಬಾರದು. ಬಾಟಲಿಯ ಮೇಲೂ ಮೂರು ವಿಷಯ ಇರಲಿ: ಬಂದ ದಿನ, ತೆರೆದ ದಿನ, ತೆರೆದವರ ಹೆಸರು.

ಪ್ರಶ್ನೆ: ರಾತ್ರಿ ಬೀಗ ಹಾಕುವಾಗ ಎಲ್ಲ ಸರಿಯಿತ್ತು. ಬೆಳಿಗ್ಗೆ ಬಂದರೆ ವೇಸ್ಟ್ ಕ್ಯಾನ್ ಒಡೆದು, ಲ್ಯಾಬ್ ತುಂಬ ಕಂದು ಹೊಗೆಯ ವಾಸನೆ. ಯಾರೂ ಇಲ್ಲದಾಗ ಅದು ಹೇಗೆ ಸಿಡಿಯಿತು?
– ಎಂ.ಎಸ್ಸಿ. ವಿದ್ಯಾರ್ಥಿ, ಮೈಸೂರು

ಕಂದು ಹೊಗೆ ಎಂದರೆ ನೈಟ್ರೋಜನ್ ಡೈಆಕ್ಸೈಡ್. ಮೆಥನಾಲ್, ಅಸಿಟೋನ್‌ನಂಥ ದ್ರಾವಕವಿದ್ದ ಕ್ಯಾನಿಗೆ ಯಾರೋ ನೈಟ್ರಿಕ್ ಆಮ್ಲ ಸುರಿದಿದ್ದಾರೆ. ಇದರ ಮೋಸವೇನೆಂದರೆ ಸುರಿದ ಕೂಡಲೇ ಏನೂ ಆಗುವುದಿಲ್ಲ. ಕ್ರಿಯೆ ಮೆಲ್ಲಗೆ ಶುರುವಾಗಿ, ಅದರ ಶಾಖವೇ ಅದರ ವೇಗ ಹೆಚ್ಚಿಸುತ್ತ, ಗಂಟೆಗಳ ನಂತರ ಅನಿಲ ಉಕ್ಕುತ್ತದೆ. ಮುಚ್ಚಳ ಬಿಗಿಯಾಗಿದ್ದರೆ ಕ್ಯಾನೇ ಒಡೆಯುತ್ತದೆ. ಮೆಥನಾಲ್ ಖಾಲಿಯಾದ 2.5 ಲೀಟರ್ ಬಾಟಲಿಯನ್ನು ತೊಳೆಯದೆ ಆಮ್ಲದ ವೇಸ್ಟಿಗೆ ಬಳಸಿದರೂ ಇದೇ ಕಥೆ.

ವೇಸ್ಟನ್ನು ಹೀಗೆ ಬೇರ್ಪಡಿಸಿ: ಡೈಕ್ಲೋರೋಮೀಥೇನ್, ಕ್ಲೋರೋಫಾರ್ಮ್‌ಗಳಿಗೆ ಒಂದು ಕ್ಯಾನ್. ಹೆಕ್ಸೇನ್, ಈಥೈಲ್ ಅಸಿಟೇಟ್, ಅಸಿಟೋನ್, ಮೆಥನಾಲ್‌ಗಳಿಗೆ ಇನ್ನೊಂದು. ನೀರಿನಲ್ಲಿರುವ ಆಮ್ಲ, ಕ್ಷಾರ, ಭಾರಲೋಹಗಳಿಗೆ ಬೇರೆಬೇರೆ. ನೈಟ್ರಿಕ್ ಆಮ್ಲಕ್ಕೆ ಅದರದೇ ಒಂದು, ಯಾವ ಸಾವಯವ ದ್ರಾವಕವನ್ನೂ ಕಾಣದ್ದು. ಕ್ಲೋರೋಫಾರ್ಮ್ ಮತ್ತು ಅಸಿಟೋನ್ ಒಟ್ಟಿಗಿರುವ ಕಡೆ ಕ್ಷಾರ ಬಿದ್ದರೆ ಕುದಿದು ಮೇಲೆ ಹಾರುತ್ತದೆ. ಗಂಧಕಾಮ್ಲ, ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದ ಪಿರಾನ್ಹಾ ದ್ರಾವಣವನ್ನು ಬಿಸಿಯಿರುವಾಗ ಯಾವ ಬಾಟಲಿಗೂ ತುಂಬಬೇಡಿ. ಹೊಗೆಯನ್ನು ಹೊರಗೆಳೆಯುವ ಗೂಡಾದ ಫ್ಯೂಮ್ ಹುಡ್‌ನಲ್ಲಿ ತೆರೆದ ಬೀಕರಿನಲ್ಲೇ ರಾತ್ರಿಯಿಡೀ ಇರಲಿ.

ಕ್ಯಾನ್ ಐದರಲ್ಲಿ ನಾಲ್ಕು ಪಾಲು ತುಂಬಿದರೆ ಸಾಕು. ಸೋರಿದ್ದನ್ನು ಹಿಡಿಯಲು ಕೆಳಗೊಂದು ಟ್ರೇ ಇಡಿ. ಕ್ಯಾನಿಗೇ ಕಟ್ಟಿದ ಹಾಳೆಯಲ್ಲಿ ಪ್ರತಿ ಸಲವೂ ದಿನಾಂಕ, ಏನು, ಎಷ್ಟು, ಯಾರು ಎಂದು ಬರೆಯಿರಿ. ‘ಆರ್ಗ್ಯಾನಿಕ್ ವೇಸ್ಟ್’ ಎಂದಷ್ಟೇ ಬರೆದ ಕ್ಯಾನನ್ನು ಒಯ್ಯುವವರೂ ನಂಬುವುದಿಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಕೂಡಿಡುವಂತಿಲ್ಲ.

ಪ್ರಶ್ನೆ: ದ್ರಾವಕ ಇಡಲು ಮನೆಬಳಕೆಯ ಫ್ರಿಜ್ ಸಾಲದೇ? ಬಲ್ಬ್ ತೆಗೆದಿದ್ದೇವೆ.
– ಬೋಧಕರು, ತುಮಕೂರು

ಸಾಲದು. ಈಥರ್‌ನ ಆವಿ ಮೈನಸ್ 45 ಡಿಗ್ರಿಯಲ್ಲೂ ಹೊತ್ತಿಕೊಳ್ಳಬಲ್ಲದು, ನಿಮ್ಮ ಫ್ರಿಜ್ ಇರುವುದು 4 ಡಿಗ್ರಿಯಲ್ಲಿ. ಬಲ್ಬ್ ತೆಗೆದರೂ ಬಾಗಿಲಿನ ಸ್ವಿಚ್, ಥರ್ಮೊಸ್ಟಾಟ್ ಒಳಗೇ ಇದ್ದು ಕಿಡಿ ಹಾರಿಸುತ್ತವೆ. ಬಾಗಿಲಿನ ರಬ್ಬರ್ ಆವಿಯನ್ನು ಹೊರಗೆ ಬಿಡುವುದಿಲ್ಲ. ಒಳಗೆ ಕಿಡಿಯ ಮೂಲವೇ ಇಲ್ಲದಂತೆ ತಯಾರಾದ ಲ್ಯಾಬ್ ಫ್ರಿಜ್ ಕೊಳ್ಳಿ. ಹಳೆಯದನ್ನು ಊಟದ ಡಬ್ಬಿಗೆಂದು ಸ್ಟಾಫ್ ರೂಮಿಗೆ ಮಾತ್ರ ಕಳಿಸಬೇಡಿ.

ಪ್ರಶ್ನೆ: ಸಿಲಿಂಡರ್‌ಗಳು ಕಾರಿಡಾರಿನಲ್ಲಿ ನಿಂತಿವೆ. ದ್ರವ ನೈಟ್ರೋಜನ್ ಅನ್ನು ಲಿಫ್ಟಿನಲ್ಲಿ ತರುತ್ತೇವೆ. ತಪ್ಪೇ?
– ಸಂಶೋಧಕ, ಮಂಗಳೂರು

ಎರಡೂ ತಪ್ಪು. 2018ರ ಡಿಸೆಂಬರ್ 5ರಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಲ್ಯಾಬೊಂದರಲ್ಲಾದ ಸಿಲಿಂಡರ್ ಸ್ಫೋಟದಲ್ಲಿ ಒಬ್ಬ ಸಂಶೋಧಕರು ಸತ್ತು, ಮೂವರು ಗಾಯಗೊಂಡರು. ಹೈಡ್ರೋಜನ್ ಗಾಳಿಯಲ್ಲಿ ಶೇ. 4ರಿಂದ 75ರವರೆಗೆ ಯಾವ ಪ್ರಮಾಣದಲ್ಲಿದ್ದರೂ ಹೊತ್ತಿಕೊಳ್ಳುತ್ತದೆ. ಬಟ್ಟೆಯ ಸ್ಥಾಯಿ ವಿದ್ಯುತ್ತಿನ ಕಿಡಿಯೂ ಸಾಕು, ಜ್ವಾಲೆ ಕಣ್ಣಿಗೆ ಕಾಣುವುದೂ ಕಷ್ಟ.

ಸಿಲಿಂಡರನ್ನು ಗೋಡೆಗೆ ಎರಡು ಸರಪಳಿಯಿಂದ ಕಟ್ಟಿ: ಎತ್ತರದ ಮೂರನೇ ಒಂದು ಭಾಗದಲ್ಲಿ ಒಂದು, ಮೂರನೇ ಎರಡರಲ್ಲಿ ಇನ್ನೊಂದು. ಸಾಗಿಸುವಾಗ ರೆಗ್ಯುಲೇಟರ್ ಕಳಚಿ, ವಾಲ್ವಿನ ಟೋಪಿ ಹಾಕಿ, ಟ್ರಾಲಿಯ ಮೇಲೆ ಒಯ್ಯಿರಿ. ಹೈಡ್ರೋಜನ್ ಸಿಲಿಂಡರಿನ ಮರೆ, ಅಂದರೆ ತಿರುಪಿನ ಸುರುಳಿ, ಎಡಕ್ಕೆ ತಿರುಗುತ್ತದೆ. ಹಿಡಿಯುತ್ತಿಲ್ಲವೆಂದು ಬಲವಂತ ಮಾಡಿದರೆ ಮರೆ ಸವೆದು ಸೋರುತ್ತದೆ. ರೆಗ್ಯುಲೇಟರ್ ಕೂರುವಲ್ಲಿ ಟೆಫ್ಲಾನ್ ಟೇಪ್ ಸುತ್ತಬೇಡಿ. ಅಲ್ಲಿ ಸೋರಿಕೆ ತಡೆಯುವುದು ಲೋಹದ ಮುಖಗಳ ಜೋಡಣೆ, ಮರೆಯಲ್ಲ. ಕೂರಿಸಿದ ಮೇಲೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ. ಆಕ್ಸಿಜನ್ ರೆಗ್ಯುಲೇಟರಿಗೆ ಎಣ್ಣೆ, ಗ್ರೀಸ್ ಸೋಕಿದರೂ ಬೆಂಕಿ.

ಒಂದು ಲೀಟರ್ ದ್ರವ ನೈಟ್ರೋಜನ್ ಸುಮಾರು 700 ಲೀಟರ್ ಅನಿಲವಾಗುತ್ತದೆ. ಅದನ್ನು ತುಂಬಿಡುವ ಹತ್ತು ಲೀಟರಿನ ಪಾತ್ರೆ, ಅಂದರೆ ಡ್ಯೂವರ್, ಚೆಲ್ಲಿದರೆ 7 ಘನ ಮೀಟರ್. 3×4 ಮೀಟರ್ ಅಗಲ, 3 ಮೀಟರ್ ಎತ್ತರದ ಮುಚ್ಚಿದ ಕೋಣೆಯಲ್ಲೇ ಆಮ್ಲಜನಕ ಶೇ. 21ರಿಂದ 17ರ ಹತ್ತಿರಕ್ಕೆ ಇಳಿಯುತ್ತದೆ. ಎಚ್ಚರಿಕೆಯ ಗೆರೆ ಇರುವುದು 19.5ರಲ್ಲಿ. ಲಿಫ್ಟಂತೂ ಆ ಕೋಣೆಯ ಕಾಲುಭಾಗವೂ ಇರುವುದಿಲ್ಲ. ಉಸಿರು ಕಟ್ಟಿದಂತೆಯೂ ಅನಿಸದು, ಏಕೆಂದರೆ ಆ ಸಂಕಟ ಹುಟ್ಟುವುದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ. ನೇರವಾಗಿ ಪ್ರಜ್ಞೆ ತಪ್ಪುತ್ತದೆ. ಡ್ಯೂವರನ್ನು ಲಿಫ್ಟಿನಲ್ಲಿ ಒಂಟಿಯಾಗಿ ಕಳಿಸಿ, ಒಬ್ಬರು ಮೇಲೆ ಕಾದು ತೆಗೆದುಕೊಳ್ಳಲಿ. ನಡುವಿನ ಮಹಡಿಯವರು ಹತ್ತದಂತೆ ಡ್ಯೂವರಿಗೆ ದೊಡ್ಡ ಬೋರ್ಡ್ ತೂಗುಹಾಕಿ.

ಪ್ರಶ್ನೆ: ನಮ್ಮ ಸೆಕೆಗೆ ಲ್ಯಾಬ್ ಕೋಟ್ ಹಾಕಲಾಗದು. ಗ್ಲೌಸ್ ಇದ್ದರೆ ಸಾಕಲ್ಲವೇ?
– ವಿದ್ಯಾರ್ಥಿನಿ, ಕಲಬುರಗಿ

2008ರ ಡಿಸೆಂಬರಿನಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 23 ವರ್ಷದ ಸಂಶೋಧನಾ ಸಹಾಯಕಿಯೊಬ್ಬರು ಗಾಳಿ ತಾಗಿದರೆ ಹೊತ್ತಿಕೊಳ್ಳುವ ಟರ್ಷಿಯರಿ ಬ್ಯುಟೈಲ್ ಲಿಥಿಯಂ ಅನ್ನು ಸಿರಿಂಜಿಗೆ ಎಳೆಯುತ್ತಿದ್ದರು. ಸಿರಿಂಜಿನ ದಂಡ ಕಳಚಿಬಂತು. ಗ್ಲೌಸ್ ಇತ್ತು, ಕೋಟ್ ಇರಲಿಲ್ಲ. ಸಿಂಥೆಟಿಕ್ ಸ್ವೆಟರಿಗೆ ಬೆಂಕಿ ಹತ್ತಿತು, 18 ದಿನಗಳ ಬಳಿಕ ಅವರು ತೀರಿಕೊಂಡರು. ಹತ್ತಿಯ ಕೋಟೂ ಉರಿಯುತ್ತದೆ, ಆದರೆ ಕರಗಿ ಮೈಗೆ ಅಂಟುವುದಿಲ್ಲ, ಕ್ಷಣದಲ್ಲಿ ಕಿತ್ತೆಸೆಯಬಹುದು. ಅದಕ್ಕೇ ಪ್ರೆಸ್ ಬಟನ್ ಇರುವ ಹತ್ತಿಯ ಕೋಟ್ ಹೊಲಿಸಿ. ದುಪಟ್ಟಾ ಹೊರಗಿರಲಿ.

ಗ್ಲೌಸ್ ಬಗ್ಗೆ ಅತಿನಂಬಿಕೆ ಬೇಡ. ತೆಳು ನೈಟ್ರೈಲ್ ಗ್ಲೌಸ್‌ನೊಳಗೆ ಅಸಿಟೋನ್, ಡೈಕ್ಲೋರೋಮೀಥೇನ್ ಕೆಲವೇ ನಿಮಿಷಗಳಲ್ಲಿ ನುಸುಳುತ್ತವೆ. ಹನಿ ಬಿದ್ದ ಕೂಡಲೇ ಬದಲಿಸಿ. ಅದೇ ಕೈಯಲ್ಲಿ ಬಾಗಿಲ ಹಿಡಿ, ಮೊಬೈಲ್ ಮುಟ್ಟಬೇಡಿ.

ಪ್ರಶ್ನೆ: ಸ್ವಚ್ಛತೆಗೆ ಸಮಯವೇ ಸಿಗುವುದಿಲ್ಲ. ಎಲ್ಲಿಂದ ಆರಂಭಿಸಲಿ?
– ವಿಭಾಗದ ಮುಖ್ಯಸ್ಥರು, ಶಿವಮೊಗ್ಗ

ಫ್ಯೂಮ್ ಹುಡ್‌ನಿಂದ. ಅದೇ ನಿಮ್ಮಲ್ಲಿ ಉಗ್ರಾಣವಾಗಿರುತ್ತದೆ. ಹಿಂದೆ ಸಾಲಾಗಿಟ್ಟ ಬಾಟಲಿಗಳು ಗಾಳಿ ಎಳೆಯುವ ಸೀಳನ್ನು ಮುಚ್ಚಿ, ಹೊಗೆ ಕೆಲಸ ಮಾಡುವವರ ಮುಖಕ್ಕೇ ತಿರುಗುತ್ತದೆ. ಅಂದಿನ ಕೆಲಸಕ್ಕೆ ಬೇಕಾದ್ದಷ್ಟೇ ಅಲ್ಲಿರಲಿ, ಅದೂ ಅಂಚಿನಿಂದ 15 ಸೆಂ.ಮೀ. ಒಳಗೆ. ಗಾಜಿನ ಬಾಗಿಲಿಗೆ ಟಿಶ್ಯೂ ಪಟ್ಟಿ ಅಂಟಿಸಿದರೆ ಅದು ಒಳಕ್ಕೆ ಬಾಗಬೇಕು. ಅಳೆದರೆ ಗಾಳಿಯ ವೇಗ ಸೆಕೆಂಡಿಗೆ 0.4ರಿಂದ 0.5 ಮೀಟರ್ ಇರಬೇಕು.

ಆಮೇಲೆ ವಾರಕ್ಕೆ ಅರ್ಧ ಗಂಟೆ ಸಾಕು, ಆದರೆ ಗೈಡ್ ಕೂಡ ಬರಬೇಕು. ವಿದ್ಯಾರ್ಥಿಗಳ ಕೈಗಷ್ಟೇ ಬಿಟ್ಟರೆ ಮೂರನೇ ವಾರ ನಿಲ್ಲುತ್ತದೆ. ಪಕ್ಕದ ಲ್ಯಾಬಿನವರನ್ನು ತಿಂಗಳಿಗೊಮ್ಮೆ ಕರೆಯಿರಿ. ನಮ್ಮ ಕಣ್ಣಿಗೆ ಒಗ್ಗಿಹೋದದ್ದು ಅವರಿಗೆ ಥಟ್ಟನೆ ಕಾಣುತ್ತದೆ.

ಪ್ರಶ್ನೆ: ಕಣ್ಣು ತೊಳೆಯುವ ನಲ್ಲಿ ಯಾವಾಗಲೂ ಚಾಲೂ ಇದೆಯೆಂದು ತಿಳಿಯುವುದು ಹೇಗೆ?
– ಲ್ಯಾಬ್ ಸಹಾಯಕ, ಹಾವೇರಿ

ವಾರಕ್ಕೊಮ್ಮೆ ತಿರುಗಿಸಿ. ಮೊದಲು ತುಕ್ಕಿನ ಕೆಂಪು ನೀರು ಬರುತ್ತದೆ, ತಿಳಿಯಾಗುವವರೆಗೆ ಬಿಡಿ. ಕಣ್ಣಿಗೆ ಆಮ್ಲ ಹಾರಿದವರು 15 ನಿಮಿಷ ಬಿಡದೆ ತೊಳೆಯಬೇಕಾದ ನೀರು ಅದೇ. ಕುರುಡುಗಣ್ಣಿನಲ್ಲಿ ತಡವರಿಸುತ್ತ ಬಂದರೂ ಹತ್ತು ಸೆಕೆಂಡಿನಲ್ಲಿ ತಲುಪುವಂತಿರಬೇಕು. ಆದ್ದರಿಂದ ಅದರ ಕೆಳಗಿಟ್ಟ ಬಕೆಟ್, ಪೊರಕೆ, ಮುರಿದ ಸ್ಟೂಲುಗಳನ್ನು ಇವತ್ತೇ ತೆಗೆಸಿ. ಪಕ್ಕದ ಗೋಡೆಗೊಂದು ಹಾಳೆ ಅಂಟಿಸಿ, ತಿರುಗಿಸಿದ ದಿನಾಂಕವನ್ನೂ ನಿಮ್ಮ ಸಹಿಯನ್ನೂ ಹಾಕುತ್ತ ಬನ್ನಿ.