ತುಂಡುಗಳ ಎಲ್‌ಸಿಎಸ್ ಕೋಷ್ಟಕ ಜೋಡಿಸಲು ಮೂರು ಲೂಪ್ ಬೇಕೇ ಬೇಕಾ?

ಉದ್ದದ ಸ್ಟ್ರಿಂಗನ್ನು ತುಂಡು ಮಾಡಿ, ಒಂದೊಂದು ತುಂಡಿಗೂ ಎಲ್‌ಸಿಎಸ್ (ಎರಡೂ ಸ್ಟ್ರಿಂಗ್‌ಗಳಲ್ಲಿ ಅದೇ ಕ್ರಮದಲ್ಲಿ ಸಿಗುವ ಅತಿ ಉದ್ದದ ಅಕ್ಷರಸಾಲು) ಕೋಷ್ಟಕ ಕಟ್ಟಿ, ಆಮೇಲೆ ಮಿನ್-ಪ್ಲಸ್ ಗುಣಾಕಾರದಿಂದ (ಗುಣಿಸುವ ಬದಲು ಕೂಡಿ, ಕೂಡುವ ಬದಲು ಕನಿಷ್ಠವನ್ನು ಆರಿಸುವ ಮ್ಯಾಟ್ರಿಕ್ಸ್ ಗುಣಾಕಾರ) ಜೋಡಿಸುತ್ತಿದ್ದೀರಿ. ಸಮಯವೆಲ್ಲ ಆ ಮೂರು ಲೂಪ್‌ಗೇ ಹೋಗುತ್ತಿದೆ, ಬೇರೆ ದಾರಿ ಇದೆಯಾ ಅಂತ ಕೇಳಿದ್ದೀರಿ. ಇದೆ. ಆದರೆ ಲೂಪನ್ನು ಚುರುಕು ಮಾಡುತ್ತ ಕೂರಬೇಡಿ, ಕೋಷ್ಟಕವನ್ನೇ ಕೈಬಿಡಿ.

ನಿಮ್ಮ ಕೋಷ್ಟಕ, ಅಂದರೆ ಮ್ಯಾಟ್ರಿಕ್ಸ್, ಮಾಂಜ್ ಜಾತಿಯದು: ಯಾವುದೇ ಎರಡು-ಎರಡರ ಚೌಕದಲ್ಲಿ ಎಡ-ಮೇಲಿನದು ಮತ್ತು ಬಲ-ಕೆಳಗಿನದು ಕೂಡಿದರೆ, ಉಳಿದೆರಡರ ಮೊತ್ತವನ್ನು ಮೀರುವುದಿಲ್ಲ. ಇಷ್ಟನ್ನೇ ಬಳಸಿಕೊಂಡು 1987ರ ಎಸ್‌ಎಂಎಡಬ್ಲ್ಯುಕೆ ಅಲ್ಗಾರಿದಮ್‌ನಿಂದ ಗುಣಾಕಾರದ ಸಮಯವನ್ನು ಎನ್ ಘನದಿಂದ ಎನ್ ವರ್ಗಕ್ಕೆ ಇಳಿಸಬಹುದು (ಎನ್ ಅಂದರೆ ಮ್ಯಾಟ್ರಿಕ್ಸಿನ ಗಾತ್ರ). ಉತ್ತರದಲ್ಲೇ ಎನ್ ವರ್ಗ ಮನೆಗಳಿರುವಾಗ ಅದಕ್ಕಿಂತ ಕೆಳಗೆ ಹೋಗಲು ಜಾಗವಿಲ್ಲ.

ಎಲ್‌ಸಿಎಸ್‌ಗೆ ಇನ್ನೊಂದು ಅನುಕೂಲವಿದೆ. ಆ ಎರಡು ಮೊತ್ತಗಳ ಅಂತರ ಸೊನ್ನೆ ಇಲ್ಲವೇ ಒಂದು, ಮತ್ತು ಪ್ರತಿ ಸಾಲಿಗೂ ಪ್ರತಿ ಕಾಲಂಗೂ ಒಂದೇ ಒಂದು 'ಒಂದು' ಬರುತ್ತದೆ. ಈ 'ಒಂದು'ಗಳನ್ನು ಚುಕ್ಕೆ ಎನ್ನೋಣ. ಅಂದರೆ ಇಡೀ ಮ್ಯಾಟ್ರಿಕ್ಸ್ ಎನ್ ಸಂಖ್ಯೆಗಳ ಒಂದು ಪರ್ಮ್ಯುಟೇಶನ್ (ಕ್ರಮ ಬದಲಿಸಿದ ಪಟ್ಟಿ): ಯಾವ ಸಾಲಿನ ಚುಕ್ಕೆ ಯಾವ ಕಾಲಂನಲ್ಲಿದೆ ಎಂಬುದಷ್ಟೇ. ಒಂದು ಮನೆಯ ಬೆಲೆ ಬೇಕೆಂದರೆ ಆ ಸಾಲಿನಿಂದ ಕೆಳಗೆ, ಆ ಕಾಲಂನಿಂದ ಎಡಕ್ಕೆ ಇರುವ ಚುಕ್ಕೆಗಳನ್ನು ಎಣಿಸಿದರೆ ಸಾಕು. ಆ ಸಾಲು-ಕಾಲಂ ಸೂಚಿಸುವ ಉಪಸ್ಟ್ರಿಂಗಿನ ಉದ್ದದಿಂದ ಅದನ್ನು ಕಳೆದರೆ ಎಲ್‌ಸಿಎಸ್‌ನ ಉದ್ದ. ಎರಡು ಪರ್ಮ್ಯುಟೇಶನ್‌ಗಳನ್ನು ನೇರವಾಗಿ ಗುಣಿಸಿ ಮೂರನೆಯದನ್ನು ಎನ್ ಲಾಗ್ ಎನ್ ಸಮಯದಲ್ಲಿ ಪಡೆಯುವ ವಿಧಾನವನ್ನು ಅಲೆಕ್ಸಾಂಡರ್ ಟಿಸ್ಕಿನ್ 2010ರಲ್ಲಿ ಕೊಟ್ಟರು.

ಆ ವಿಧಾನ ಹೀಗೆ: ಮೊದಲ ಪರ್ಮ್ಯುಟೇಶನನ್ನು ಕಾಲಂಗಳ ನಡುವೆ, ಎರಡನೆಯದನ್ನು ಸಾಲುಗಳ ನಡುವೆ ಸೀಳಿ. ಖಾಲಿ ಸಾಲು-ಕಾಲಂಗಳನ್ನು ತೆಗೆದರೆ ಅರ್ಧ ಗಾತ್ರದ ಎರಡು ಗುಣಾಕಾರ ಉಳಿಯುತ್ತವೆ. ರಿಕರ್ಶನ್‌ನಿಂದ (ಇದೇ ವಿಧಾನವನ್ನು ಆ ಅರ್ಧಗಳ ಮೇಲೆ ಮತ್ತೆ ಓಡಿಸಿ) ಬಂದ ಉತ್ತರಗಳನ್ನು ಹಳೆಯ ಸ್ಥಾನಗಳಿಗೆ ಮರಳಿ ಹಿಗ್ಗಿಸಿ, ಮೊದಲ ಅರ್ಧದವು ಕೆಂಪು, ಎರಡನೆಯದರವು ನೀಲಿ ಎಂದುಕೊಳ್ಳಿ. ಈಗ ಪ್ರತಿ ಗ್ರಿಡ್ ಬಿಂದುವಿಗೂ ಒಂದು ಸಂಖ್ಯೆ: ಬಲ-ಕೆಳಗಿನ ಕೆಂಪು ಚುಕ್ಕೆಗಳ ಎಣಿಕೆಯಲ್ಲಿ ಎಡ-ಮೇಲಿನ ನೀಲಿ ಚುಕ್ಕೆಗಳ ಎಣಿಕೆ ಕಳೆದದ್ದು. ಬಲಕ್ಕೋ ಕೆಳಕ್ಕೋ ಒಂದು ಹೆಜ್ಜೆ ಇಟ್ಟರೆ ಇದು ಅಷ್ಟೇ ಇರುತ್ತದೆ, ಇಲ್ಲವೇ ಒಂದು ಇಳಿಯುತ್ತದೆ. ಹಾಗಾಗಿ ಋಣವಾಗುವ ಗಡಿ ಒಂದೇ ಮೆಟ್ಟಿಲುಸಾಲು. ಎಡ-ಕೆಳ ಮೂಲೆಯಿಂದ ಬಲ-ಮೇಲಿನ ಮೂಲೆಗೆ ಸುಮಾರು ಎರಡು ಎನ್ ಹೆಜ್ಜೆಯಲ್ಲಿ ನಡೆದು ಮುಗಿಸಬಹುದು. ಗಡಿಯ ಮೇಲ್ಭಾಗದಲ್ಲಿ ಕೆಂಪು ಚುಕ್ಕೆ ಉಳಿಯುತ್ತದೆ, ಋಣ ಭಾಗದಲ್ಲಿ ನೀಲಿ ಉಳಿಯುತ್ತದೆ, ಬೇರೆಯವನ್ನು ಅಳಿಸಿ. ನಾಲ್ಕು ಮೂಲೆಗಳಲ್ಲಿ ಬಲ-ಕೆಳಗಿನದು ಮಾತ್ರ ಋಣವಾಗಿರುವ ಪ್ರತಿ ಮನೆಯಲ್ಲೂ ಹೊಸ ಚುಕ್ಕೆ ಇಡಿ. ಅಷ್ಟೇ.

ಹೆಚ್ಚಿನವರು ಎಡವುವುದು ಈ ಗುಣಾಕಾರದಲ್ಲಲ್ಲ, ಅದರ ಸುತ್ತಲಿನ ಲೆಕ್ಕದಲ್ಲಿ. ಎರಡು ಬ್ಲಾಕ್ (ಜೋಡಿಸಬೇಕಾದ ತುಂಡು) ಒಂದರ ಕೆಳಗೊಂದು ಇದ್ದರೆ, ಗಾತ್ರ ಸರಿಹೊಂದಿಸಲು ಮೇಲಿನದಕ್ಕೆ ಮುಂದೆ ಐಡೆಂಟಿಟಿ (ಕ್ರಮ ಬದಲಿಸದ ಪರ್ಮ್ಯುಟೇಶನ್) ಸೇರಿಸಬೇಕು, ಕೆಳಗಿನ ಬ್ಲಾಕಿನ ಎತ್ತರದಷ್ಟು. ಕೆಳಗಿನದಕ್ಕೆ ಹಿಂದೆ, ಮೇಲಿನದರ ಎತ್ತರದಷ್ಟು. ಇದು ಅದಲುಬದಲಾದರೂ ಪ್ರೋಗ್ರಾಂ ಏನೂ ದೂರದೆ ಓಡುತ್ತದೆ, ಉತ್ತರ ಮಾತ್ರ ತಪ್ಪು. ಉತ್ತರ ಓದುವಾಗ ಸಾಲಿನ ಸೂಚ್ಯಂಕಕ್ಕೆ ಮೊದಲ ಸ್ಟ್ರಿಂಗಿನ ಉದ್ದ ಕೂಡಿಸುವುದನ್ನೂ ಮರೆಯಬೇಡಿ.

ಪರೀಕ್ಷೆಗೆ ಚಿಕ್ಕ ಉದಾಹರಣೆ: ಗಾತ್ರ ಎರಡು, ಪರ್ಮ್ಯುಟೇಶನ್ (1, 0). ಅದನ್ನು ಅದರಿಂದಲೇ ಗುಣಿಸಿದರೆ (1, 0) ಬರಬೇಕು. (0, 1) ಬಂತೆಂದರೆ ನೀವು ಬರೆದಿರುವುದು ಮಾಮೂಲಿ ಪರ್ಮ್ಯುಟೇಶನ್ ಗುಣಾಕಾರ. ಪೂರ್ತಿ ತಿರುವುಮುರುವಾದ ಪರ್ಮ್ಯುಟೇಶನ್ ಯಾವುದರ ಜತೆ ಗುಣಿಸಿದರೂ ತಾನೇ ಉಳಿಯಬೇಕು. ಇವೆರಡರ ಜತೆಗೆ ಗಾತ್ರ ಐದರವರೆಗಿನ ಎಲ್ಲ ಜೋಡಿಗಳನ್ನೂ ಮೂರು ಲೂಪಿನ ಕೋಡ್‌ಗೆ ಹೋಲಿಸಿ ನೋಡಿ.

ವೇಗದ ವಿಷಯಕ್ಕೆ ಬಂದರೆ, ರಿಕರ್ಶನ್‌ನ ಪ್ರತಿ ಮಟ್ಟದಲ್ಲೂ ಹೊಸ ಅರೇ ಹುಟ್ಟಿಸಿದರೆ ಲಾಭವೆಲ್ಲ ಮೆಮೊರಿ ಹಂಚಿಕೆಯೇ ನುಂಗುತ್ತದೆ. ಮೊದಲೇ ಒಂದು ಬಫರ್ ತೆಗೆದಿಟ್ಟುಕೊಳ್ಳಿ.

ಎಡಿಟ್ ಡಿಸ್ಟನ್ಸ್ (ಒಂದು ಸ್ಟ್ರಿಂಗನ್ನು ಇನ್ನೊಂದಾಗಿಸಲು ಬೇಕಾದ ಕನಿಷ್ಠ ಸೇರಿಸು-ಅಳಿಸು-ಬದಲಿಸುಗಳ ಸಂಖ್ಯೆ) ಬೇಕಿದ್ದರೆ ಎರಡೂ ಸ್ಟ್ರಿಂಗ್‌ಗಳ ಪ್ರತಿ ಅಕ್ಷರದ ಮುಂದೆ ಬೇರೆಲ್ಲೂ ಬಾರದ ಒಂದು ಚಿಹ್ನೆ ಸೇರಿಸಿ ಎಲ್‌ಸಿಎಸ್ ತೆಗೆಯಿರಿ. ಮೂಲ ಉದ್ದಗಳ ಮೊತ್ತದಿಂದ ಅದನ್ನು ಕಳೆದರೆ ಉತ್ತರ. ಗ್ರಿಡ್ ನಾಲ್ಕು ಪಟ್ಟು ಆಗುತ್ತದೆ, ಬೇರೆ ಖರ್ಚಿಲ್ಲ.

ಒಂದೇ ಜೋಡಿ ಸ್ಟ್ರಿಂಗಿನ ಒಂದೇ ಎಲ್‌ಸಿಎಸ್ ಸಾಕಿದ್ದರೆ ಇದೆಲ್ಲ ಬೇಡ, ಬಿಟ್-ಪ್ಯಾರಲಲ್ ಡಿಪಿಯೇ (ಮಾಮೂಲಿ ಡೈನಮಿಕ್ ಪ್ರೋಗ್ರಾಮಿಂಗ್ ಕೋಷ್ಟಕದ ಹಲವು ಮನೆಗಳನ್ನು ಒಂದೇ ಬಾರಿಗೆ ಬಿಟ್‌ಗಳಲ್ಲಿ ತುಂಬುವ ವಿಧಾನ) ಗೆಲ್ಲುತ್ತದೆ. ಎಷ್ಟೋ ಉಪಸ್ಟ್ರಿಂಗ್‌ಗಳ ಪ್ರಶ್ನೆ ಬರುವಾಗ, ಅಥವಾ ನಿಮ್ಮ ಹಾಗೆ ಬ್ಲಾಕ್‌ಗಳನ್ನು ಮತ್ತೆ ಮತ್ತೆ ಹೊಸ ಕ್ರಮದಲ್ಲಿ ಜೋಡಿಸುವಾಗ ಮಾತ್ರ ಇದನ್ನು ಬರೆಯುವ ಶ್ರಮ ಸಾರ್ಥಕ.